ಕಟಕಟ ಅಕ್ಕನ ಮೂವತ್ತಾರು ಕೀಗಳು

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಅವರ ನಿಜವಾದ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಉಳಿದೆಲ್ಲ ಕಡೆ ಅವರು ಕಟಕಟ ಅಕ್ಕ. ಎರಡನೇ ಮಹಡಿಗೆ ಮೆಟ್ಟಿಲು ಹತ್ತುವಾಗಲೇ ಅವರ ಟೈಪಿಂಗ್ ಸದ್ದು ಕಿವಿಗೆ ಬೀಳುತ್ತಿತ್ತು. ಅದು ಕೇಳಿಸಲಿಲ್ಲವೆಂದರೆ ಊಟದ ಹೊತ್ತಾಗಿದೆ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು. ರವಾನೆ ವಿಭಾಗದವನಾದ ನನ್ನ ಮೇಜು ಅವರ ಮೇಜಿನ ಮಗ್ಗುಲಲ್ಲೇ ಇದ್ದುದರಿಂದ, ಇಲ್ಲಿ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಇನ್ನರ್ಧ ಅವರೇ ಚಹಾ ಕುಡಿಯುತ್ತಾ ಹೇಳಿದ್ದು.

ಇಪ್ಪತ್ತಾರು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಸಭೆಗಳಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತು ನಡಾವಳಿ ಟೈಪ್ ಮಾಡುವುದು. ಈಚಿನ ವರ್ಷಗಳಲ್ಲಿ ಅವರು ಟೈಪ್ ಮಾಡಿದ್ದು ಪ್ರೊಜೆಕ್ಟರಿನಿಂದ ಆಗಿಂದಾಗಲೇ ಎದುರಿನ ಗೋಡೆಯ ಮೇಲೆ ದೊಡ್ಡದಾಗಿ ಮೂಡುತ್ತಿತ್ತು. ಸದಸ್ಯರು ಮಾತು ಮುಗಿಸಿ ನೀರು ಕುಡಿಯುವಷ್ಟರಲ್ಲಿ ಅವರ ಮಾತು ಕೊಳೆ ತೊಳೆದುಕೊಂಡು, ಅಚ್ಚುಕಟ್ಟಾಗಿ ಗೋಡೆಯ ಮೇಲೆ ನಿಂತಿರುತ್ತಿತ್ತು. ತಾವು ಇಷ್ಟು ಚೆನ್ನಾಗಿ ಮಾತಾಡಿದೆವೇ ಎಂದು ಸದಸ್ಯರಿಗೇ ಆಶ್ಚರ್ಯ.

ನಲವತ್ತೊಂಬತ್ತನೇ ವಯಸ್ಸಿಗೆ ಅಕ್ಕನ ಮಣಿಕಟ್ಟುಗಳು ಮುಷ್ಕರ ಹೂಡಿದವು. ಲೋಟ ಎತ್ತಿದರೂ ನೋವು, ಬಾಗಿಲ ಚಿಲಕ ತಿರುಗಿಸಿದರೂ ನೋವು. ಡಾಕ್ಟರು ಎರಡೂ ಕೈ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು.

"ಸ್ವಲ್ಪ ದಿನ ಕೈಗೆ ರೆಸ್ಟ್ ಕೊಡಿ."

"ಕೈಗೆ ಕೊಟ್ರೆ ಹೊಟ್ಟೆಗೆ ಯಾರು ಕೊಡ್ತಾರೆ ಡಾಕ್ಟ್ರೇ?"

"ಹಾಗಾದ್ರೆ ಕೀಬೋರ್ಡಾದ್ರೂ ಬೇರೆ ತಗೊಳ್ಳಿ."

ಡಾಕ್ಟರು ಬಾಯಿಮಾತಿಗೆ ಹೇಳಿದ್ದು. ಅಕ್ಕ ಅದನ್ನು ಮನಸ್ಸಿಗೆ ತೆಗೆದುಕೊಂಡುಬಿಟ್ಟರು.

ಹುಡುಕುತ್ತಾ ಹೋದಾಗ ಅವರಿಗೆ ಒಂದು ಹೊಸ ಲೋಕವೇ ಕಂಡಿತು. ಕೀಬೋರ್ಡನ್ನು ಬಿಡಿಭಾಗ ತರಿಸಿ ಮನೆಯಲ್ಲೇ ಕಟ್ಟಿಕೊಳ್ಳುವ ಜನ ಎಲ್ಲೆಲ್ಲೂ ಇದ್ದರು. ಅಕ್ಕ ಮೊದಲು ತರಿಸಿದ್ದು ಎಡಗೈಗೊಂದು ಬಲಗೈಗೊಂದು ತುಂಡಾಗಿರುವ ಕೀಬೋರ್ಡು, ಒಟ್ಟು ನಲವತ್ತೆರಡು ಕೀ. ಪೊಟ್ಟಣ ಬಿಚ್ಚಿದಾಗ ಅವರ ಅತ್ತೆ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿ, "ದಾರೀಲೇ ಮುರಿದುಹೋಗಿದೆಯಲ್ಲಮ್ಮಾ. ವಾಪಸ್ ಕಳಿಸು," ಎಂದರಂತೆ.

ಅಕ್ಕನ ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಲ್ಲಿನ ಉದ್ದ ಮೇಜಿನ ಒಂದು ತುದಿಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ಅಕ್ಕನ ಬೆಸುಗೆಯ ಕಡ್ಡಿ. ಒಬ್ಬ ಗಿರಾಕಿಯ ಅಂಗಿಯ ತೋಳಿನ ಮೇಲೆ ಬಟಾಣಿ ಗಾತ್ರದ ತೂತು ಬಿದ್ದ ಮೇಲೆ ಮೇಜಿನ ನಡುವೆ ಸೀಮೆಸುಣ್ಣದ ಗೆರೆ ಬಿತ್ತು. ಗೆರೆಯ ಆಚೆ ಅವರದು, ಈಚೆ ಇವರದು.

ಅಕ್ಕನಿಗೆ ನಿಜವಾದ ಹುಚ್ಚು ಹಿಡಿದದ್ದು ಬೆಸುಗೆ ಮುಗಿದ ಮೇಲೆ. ಇಂಥ ಕೀಬೋರ್ಡಿನ ಹೊಟ್ಟೆಯೊಳಗೆ ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶ ಕೂತಿರುತ್ತದೆ. ಯಾವ ಕೀ ಒತ್ತಿದರೆ ಏನಾಗಬೇಕು ಎಂಬುದನ್ನು ತೀರ್ಮಾನಿಸುವುದು ಅದೇ. ಅಕ್ಕ ಬಳಸಿದ ಫರ್ಮ್‌ವೇರ್ ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ಒಳಗೆ ಇಣುಕಿ, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಹೆಬ್ಬೆರಳ ಕೆಳಗಿನ ಒಂದು ಕೀ ಒತ್ತಿ ಹಿಡಿದರೆ ಅಕ್ಷರಗಳೆಲ್ಲ ಅಂಕಿಗಳಾಗುವಂತೆ ಮಾಡಬಹುದು. ಒಂದು ಕೀಗೆ ಇಡೀ ಒಂದು ವಾಕ್ಯವನ್ನೇ ಕಟ್ಟಿಹಾಕಬಹುದು. ಇಪ್ಪತ್ತಾರು ವರ್ಷ ಬೇರೆಯವರು ಹೇಳಿದ್ದನ್ನೇ ಟೈಪ್ ಮಾಡಿದ ಹೆಂಗಸಿಗೆ, ತಾನು ಹೇಳಿದಂತೆ ಕೇಳುವ ವಸ್ತುವೊಂದು ಕೊನೆಗೂ ಸಿಕ್ಕಿತ್ತು.

ವರ್ಷ ಕಳೆಯುವಷ್ಟರಲ್ಲಿ ಒಂದು ಮೂರಾಯಿತು. ಮನೆಗೆ ಆ ತುಂಡಾದದ್ದು. ಕಚೇರಿಯ ಮೇಜಿಗೆ ಇಡಿಯಾದ ಅರವತ್ತು ಕೀಯದ್ದು. ಸಭೆಗೆ ಕೈಚೀಲದಲ್ಲಿ ಒಯ್ಯಲು ಮೂವತ್ತಾರೇ ಕೀಯ ಕುಳ್ಳ ಕೀಬೋರ್ಡು. ಮೂರೂ ಬೇರೆ ಬೇರೆ ಕಾಲದಲ್ಲಿ ಕಟ್ಟಿದ್ದು, ಮೂರಕ್ಕೂ ಕೀಗಳ ಜೋಡಣೆಯನ್ನು ಕಂಪ್ಯೂಟರಿನ ಬೇರೆ ಬೇರೆ ಕಡತಗಳಲ್ಲಿ ಬರೆದಿದ್ದು. ತೊಂದರೆ ಹುಟ್ಟಿದ್ದೇ ಅಲ್ಲಿ.

ಭಾನುವಾರ ಮನೆಯದರಲ್ಲಿ ಏನೋ ಒಂದು ಸುಧಾರಣೆ ಮಾಡುವರು. ಸೋಮವಾರ ಕಚೇರಿಯಲ್ಲಿ ಬೆರಳು ಆ ಸುಧಾರಣೆಯನ್ನು ಹುಡುಕಿಕೊಂಡು ಹೋಗಿ ಅಳಿಸುವ ಕೀ ಮೇಲೆ ಬೀಳುವುದು. ಕಚೇರಿಯದನ್ನು ಸರಿಮಾಡಿಕೊಂಡು ಮನೆಗೆ ಹೋದರೆ ಅಲ್ಲಿ ಅದು ಇಲ್ಲ. ಒಮ್ಮೆ ಅವರು ಚಹಾ ಲೋಟ ಎತ್ತಲು ಹೋಗಿ ಅರ್ಧದಲ್ಲಿ ಕೈ ನಿಲ್ಲಿಸಿ, "ಇದು ಯಾವ ಕಡೆ ಇತ್ತು?" ಎಂದು ನನ್ನನ್ನೇ ಕೇಳಿದರು.

ಕೀ ಮೇಲಿನ ಅಕ್ಷರ ಒಂದು, ಮೂಡುವುದು ಇನ್ನೊಂದು, ಬೇರೆಯವರ ಪಾಡಂತೂ ಕೇಳಬೇಡಿ. ಒಂದು ದಿನ ನಮ್ಮ ಕಾರ್ಯದರ್ಶಿಗಳು ಅವಸರದಲ್ಲಿ ಅಕ್ಕನ ಕುರ್ಚಿಯಲ್ಲಿ ಕೂತು ತಮ್ಮ ಪಾಸ್‌ವರ್ಡ್ ಒತ್ತಿದರು. ತಪ್ಪು. ಮತ್ತೆ ಒತ್ತಿದರು. ತಪ್ಪು. ಮೂರನೇ ಸಲ ಒಂದೊಂದೇ ಕೀಯನ್ನು ಬಾಯಿಬಿಟ್ಟು ಹೇಳಿಕೊಳ್ಳುತ್ತಾ ಒತ್ತಿದರು. ಅವರ ಖಾತೆ ಎರಡು ದಿನ ಮುಚ್ಚಿಕೊಂಡಿತು, ಪಾಸ್‌ವರ್ಡ್ ಮಾತ್ರ ಇಡೀ ಮಹಡಿಗೆ ಗೊತ್ತಾಯಿತು.

ಆದರೆ ಅಸಲಿ ಅನಾಹುತ ಆದದ್ದು ಸಾಮಾನ್ಯ ಸಭೆಯಲ್ಲಿ. ಅಕ್ಕ ಕಚೇರಿಯಲ್ಲಿ ಬಲಗೈ ಕಿರುಬೆರಳ ಕೀಗೆ 'ಸಭೆಯು ಸರ್ವಾನುಮತದಿಂದ ಅಂಗೀಕರಿಸಿತು' ಎಂಬ ವಾಕ್ಯ ಕಟ್ಟಿದ್ದರು. ದಿನಕ್ಕೆ ಹತ್ತು ಸಲ ಬೇಕಾಗುವ ವಾಕ್ಯ. ಮನೆಯಲ್ಲಿ ಗಂಡನ ಗಿರಾಕಿಗಳಿಗೆ ಸಂದೇಶ ಕಳಿಸುವ ಕೆಲಸವೂ ಅವರದೇ. ಅಲ್ಲಿ ಅದೇ ಕಿರುಬೆರಳಿಗೆ 'ನಿಮ್ಮ ಪ್ಯಾಂಟ್ ರೆಡಿ ಇದೆ, ಬಂದು ಹಾಕಿ ನೋಡಿ' ಎಂದು ಕಟ್ಟಿದ್ದರು. ಸಭೆಯ ಹಿಂದಿನ ದಿನ ಕುಳ್ಳ ಕೀಬೋರ್ಡಿಗೆ ಹೊಸ ಜೋಡಣೆ ತುಂಬುವಾಗ ಅವಸರದಲ್ಲಿ ಕಚೇರಿಯ ಕಡತದ ಬದಲು ಮನೆಯ ಕಡತದಿಂದ ವಾಕ್ಯಗಳನ್ನು ನಕಲು ಮಾಡಿಕೊಂಡರು.

ಮುಖ್ಯ ಎಂಜಿನಿಯರ್ ಎದ್ದು ನಿಂತು ಹಳೆಯ ಕೊಳವೆಗಳನ್ನು ಬದಲಾಯಿಸುವ ಪ್ರಸ್ತಾವ ಮಂಡಿಸಿದರು. ಯಾರೂ ವಿರೋಧಿಸಲಿಲ್ಲ. ಅಕ್ಕ ರೂಢಿಯಂತೆ ಅಧ್ಯಕ್ಷರ ಮುಖ ನೋಡುತ್ತಲೇ ಕಿರುಬೆರಳು ಒತ್ತಿದರು. ಗೋಡೆಯ ಮೇಲೆ ಮೂಡಿತು:

'ಮುಖ್ಯ ಎಂಜಿನಿಯರ್ ಅವರ ಪ್ರಸ್ತಾವವನ್ನು ಪರಿಶೀಲಿಸಲಾಗಿ, ನಿಮ್ಮ ಪ್ಯಾಂಟ್ ರೆಡಿ ಇದೆ, ಬಂದು ಹಾಕಿ ನೋಡಿ.'

ಮುಖ್ಯ ಎಂಜಿನಿಯರ್ ಗೋಡೆ ನೋಡಿದರು, ಆಮೇಲೆ ಮೆಲ್ಲಗೆ ತಲೆ ತಗ್ಗಿಸಿ ತಾವು ತೊಟ್ಟ ಪ್ಯಾಂಟ್ ನೋಡಿಕೊಂಡರು. ಇದ್ದದ್ದು ಖಾತ್ರಿಯಾದ ಮೇಲೆ ಕೂತರು. ಆಗ ಒಡೆದ ನಗೆಗೆ ಕಾವಲುಗಾರ ಬಾಗಿಲು ತೆಗೆದು ಇಣುಕಿದ.

ಅಧ್ಯಕ್ಷರು ನಗಲಿಲ್ಲ. "ಏನಮ್ಮಾ ಇದು? ಇದು ಸಭೆಯೋ ದರ್ಜಿ ಅಂಗಡಿಯೋ?"

"ತಪ್ಪಾಯ್ತು ಸರ್. ಕೀಬೋರ್ಡು ಅದಲು ಬದಲಾಯ್ತು."

"ಕಚೇರಿ ಕೊಟ್ಟ ಕೀಬೋರ್ಡ್ ಇಲ್ವಾ? ಮುಂದಿನ ಸಭೇಲಿ ಒಂದೇ ಒಂದು ತಪ್ಪು ಬರ್ಲಿ, ಆಮೇಲೆ ಅದರಲ್ಲೇ ಟೈಪ್ ಮಾಡ್ಬೇಕು. ಈ ಆಟದ ಸಾಮಾನೆಲ್ಲ ಮನೇಲಿ."

ಅದೇ ಸಂಜೆ ಮನೆಯಲ್ಲಿ ಇನ್ನೊಂದು ತಲೆನೋವು ಕಾದಿತ್ತು. ಸಭೆಯಿಂದ ಬಂದ ಗಾಬರಿಯಲ್ಲಿ ಅಕ್ಕ ಮನೆಯ ಕೀಬೋರ್ಡಿಗೆ ಕಚೇರಿಯ ವಾಕ್ಯಗಳನ್ನು ತುಂಬಿಬಿಟ್ಟಿದ್ದರು. ಹಾಗಾಗಿ 'ನನ್ನ ಕೋಟಿನ ಗುಂಡಿ ಹಾಕಿದ್ದೀರಾ?' ಎಂದು ಕೇಳಿದ ಗಿರಾಕಿಗೆ 'ಸಭೆಯು ಸರ್ವಾನುಮತದಿಂದ ಅಂಗೀಕರಿಸಿತು' ಎಂಬ ಉತ್ತರ ಹೋಯಿತು. ಆತ ಅಕ್ಕನ ಗಂಡನಿಗೆ ಫೋನ್ ಮಾಡಿ, "ಗುಂಡಿ ಹಾಕೋಕೂ ಸಭೆ ಕರೀತೀರಾ ಮಾಸ್ಟ್ರೇ?" ಎಂದು ಕೇಳಿದನಂತೆ.

ಮುಂದಿನ ಸಭೆಗೆ ಇದ್ದದ್ದು ಮೂರೇ ವಾರ. ಕಚೇರಿ ಕೊಟ್ಟ ಕೀಬೋರ್ಡಿಗೆ ಮರಳಿದರೆ ಮಣಿಕಟ್ಟು ಉಳಿಯುವುದಿಲ್ಲ ಎಂಬುದು ಅಕ್ಕನಿಗೆ ಗೊತ್ತಿತ್ತು. ಕೀಬೋರ್ಡ್ ಕಟ್ಟುವವರೆಲ್ಲ ಸೇರುವ ಒಂದು ಅಂತರ್ಜಾಲದ ಹರಟೆಕಟ್ಟೆಯಲ್ಲಿ ತಮ್ಮ ಸಂಕಟ ತೋಡಿಕೊಂಡರು. ಮುಳ್ಳುಹಂದಿ ಎಂಬ ಅಡ್ಡಹೆಸರಿನ, ಯಾವುದೋ ದೂರದೇಶದ ಒಬ್ಬಾತ ಉತ್ತರ ಕೊಟ್ಟ. ಜೋಡಣೆಯನ್ನು ಮೂರು ಕಡೆ ಬರೆಯಬೇಡಿ, ಒಂದೇ ಕಡತದಲ್ಲಿ ಬರೆದು ಎಲ್ಲಕ್ಕೂ ಸಾಮಾನ್ಯವಾದ ಜಾಗದಲ್ಲಿಡಿ, ಮೂರು ಕೀಬೋರ್ಡೂ ಅದನ್ನೇ ಓದಿಕೊಳ್ಳಲಿ ಎಂದು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಅರವತ್ತು ಕೀಯ ಜೋಡಣೆಯನ್ನು ಸಾಮಾನ್ಯ ಕಡತದಲ್ಲಿಟ್ಟರೆ ಕುಳ್ಳ ಕೀಬೋರ್ಡು 'ನನಗೆ ಮೂವತ್ತಾರು ಸಾಕು, ಇಷ್ಟೊಂದು ಯಾಕೆ?' ಎಂದು ತಕರಾರು ತೆಗೆಯಿತು. ಮೂವತ್ತಾರರದ್ದನ್ನು ಇಟ್ಟರೆ ದೊಡ್ಡದು 'ಉಳಿದ ಇಪ್ಪತ್ತನಾಲ್ಕು ಎಲ್ಲಿ?' ಎಂದಿತು. ಒಂದು ಭಾನುವಾರ ಮಧ್ಯಾಹ್ನ ಪರದೆಯ ತುಂಬ ತಪ್ಪು ಸೂಚಿಸುವ ಕೆಂಪು ಸಾಲುಗಳು ಇಳಿಯತೊಡಗಿದಾಗ ಅಕ್ಕ ಮೇಜಿನ ಮೇಲೆ ಹಣೆ ಇಟ್ಟು ಕೂತುಬಿಟ್ಟರು.

ಗೆರೆಯ ಆಚೆ ಗಂಡ ಬಟ್ಟೆ ಹಾಸಿಕೊಂಡು ಗುರುತು ಹಾಕುತ್ತಿದ್ದರು. "ಏನಾಯ್ತೇ?"

"ಮೂರಕ್ಕೂ ಒಂದೇ ಅಂಗಿ ತೊಡಿಸೋಣ ಅಂದ್ರೆ ಒಂದಕ್ಕೆ ಬಿಗಿ, ಒಂದಕ್ಕೆ ಸಡಿಲ."

"ಯಾವ ಅಳತೆಗೆ ಕತ್ತರಿಸಿದೆ?"

"ಒಂದ್ಸಲ ದೊಡ್ಡದಕ್ಕೆ, ಒಂದ್ಸಲ ಚಿಕ್ಕದಕ್ಕೆ."

ಗಂಡ ಸೀಮೆಸುಣ್ಣ ಕೆಳಗಿಟ್ಟು ಗೋಡೆಗೆ ನೇತುಹಾಕಿದ್ದ ಕಂದು ಕಾಗದದ ಅಚ್ಚೊಂದನ್ನು ಇಳಿಸಿದರು. "ಇದು ನೋಡು. ಇಪ್ಪತ್ತು ವರ್ಷದಿಂದ ಕುಳ್ಳರಿಗೂ ಇದೇ, ಡೊಳ್ಳು ಹೊಟ್ಟೆಯವರಿಗೂ ಇದೇ. ಕತ್ತು, ಹೆಗಲು, ತೋಳು ಕೂಡೋ ಜಾಗ, ಇದಿಷ್ಟನ್ನ ಮುಟ್ಟೋದೇ ಇಲ್ಲ ನಾನು. ಇದನ್ನ ಬಟ್ಟೆ ಮೇಲಿಟ್ಟು, ಯಾರಿಗೆ ಎಷ್ಟು ಬೇಕೋ ಅಷ್ಟು ಅಂಚಲ್ಲಿ ಬಿಡ್ತೀನಿ. ಅಚ್ಚು ಒಂದೇ, ಅಂಚು ಅವರವರದು."

"ಅಚ್ಚು ಯಾರ ಅಳತೇದು?"

"ಎಲ್ಲರಿಗಿಂತ ಸಣ್ಣಗಿರೋರದು. ದೊಡ್ಡದನ್ನ ಕತ್ತರಿಸಿ ಸಣ್ಣ ಮಾಡೋಕೆ ಹೋದ್ರೆ ಹೆಗಲೇ ಹೋಗತ್ತೆ."

ಅಕ್ಕ ತಟ್ಟನೆ ತಲೆ ಎತ್ತಿದರು. ಕುಳ್ಳ ಕೀಬೋರ್ಡಿನಲ್ಲಿ ಒಂದೊಂದು ಕೈಗೆ ಐದೈದರ ಮೂರು ಸಾಲು, ಹೆಬ್ಬೆರಳಿಗೆ ಮೂರು ಕೀ. ಎರಡೂ ಕೈ ಸೇರಿ ಮೂವತ್ತಾರು. ಈ ಮೂವತ್ತಾರು ಇಲ್ಲದ ಕೀಬೋರ್ಡು ಅವರ ಹತ್ತಿರ ಯಾವುದೂ ಇರಲಿಲ್ಲ. ಇದೇ ಅಚ್ಚು! ತುಂಡಾದದ್ದಕ್ಕೆ ಎರಡೂ ಬದಿಗೆ ಮೂರು ಮೂರು ಕೀ ಅಂಚು. ಕಚೇರಿಯದ್ದಕ್ಕೆ ಮೇಲೆ ಹನ್ನೆರಡು, ಬದಿಗಳಲ್ಲಿ ಆರು, ಕೆಳಗೆ ಆರು. ಅಂಚಿನ ಲೆಕ್ಕವನ್ನು ಆಯಾ ಕೀಬೋರ್ಡೇ ಇಟ್ಟುಕೊಳ್ಳಲಿ, ನಡುವಿನದನ್ನು ಸಾಮಾನ್ಯ ಕಡತದಿಂದ ತರಿಸಿಕೊಳ್ಳಲಿ.

ಕಚೇರಿಯದನ್ನೂ ಮನೆಗೆ ತಂದಿದ್ದರಿಂದ, ಅಂದು ಸೂರ್ಯ ಮುಳುಗುವ ಮೊದಲೇ ಮೂರೂ ಕೀಬೋರ್ಡುಗಳು ಒಂದೇ ಮಾತಾಡತೊಡಗಿದವು. ಅಂಗೀಕಾರದ ವಾಕ್ಯ ಕಿರುಬೆರಳಿಗೇ ಉಳಿಯಿತು. ಪ್ಯಾಂಟಿನದು ಎಡಗೈಯ ದೂರದ ಮೂಲೆಗೆ, ಎರಡು ಕೀ ಒಟ್ಟಿಗೆ ಒತ್ತಿದರೆ ಮಾತ್ರ ಬರುವಂತೆ ಗಡೀಪಾರಾಯಿತು. ಅತ್ತೆ ಮಾತ್ರ ಮಗನ ಕಡೆ ತಿರುಗಿ, "ಅಚ್ಚಿನ ವಿಷಯ ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ. ನಿಂಗೆ ಕಲಿಸಿದ್ದು ಯಾರು?" ಎಂದರು.

ಉಪಕಾರ ತೀರಿಸಲು ಅಕ್ಕ ಆ ಕಡತವನ್ನು ಹರಟೆಕಟ್ಟೆಯಲ್ಲಿ ಎಲ್ಲರಿಗೂ ಸಿಗುವಂತೆ ಹಾಕಿದರು. ತಮ್ಮ ಸ್ವಂತ ವಾಕ್ಯಗಳನ್ನು ತೆಗೆದು ಹಾಕಬೇಕು ಎಂಬುದು ನೆನಪಾಗಲಿಲ್ಲ. ನಾಲ್ಕು ದಿನ ಬಿಟ್ಟು ಮುಳ್ಳುಹಂದಿಯಿಂದ ಖಾಸಗಿಯಾಗಿ ಒಂದು ಪತ್ರ ಬಂತು. ಕೀಬೋರ್ಡಿಗೆ ಭಾಷೆ ಗೊತ್ತಿಲ್ಲ, ಯಾವ ಕೀ ಒತ್ತಿದರು ಎಂದಷ್ಟೇ ಅದು ಹೇಳುತ್ತದೆ, ಅಕ್ಷರ ಮೂಡಿಸುವುದು ಕಂಪ್ಯೂಟರ್. ಹಾಗಾಗಿ ಪ್ಯಾಂಟಿನ ವಾಕ್ಯದ ಬದಲು ಅವನ ಪರದೆಯ ಮೇಲೆ ಅವನದೇ ಲಿಪಿಯಲ್ಲಿ ಗಜದುದ್ದದ ಗೊಜಲೊಂದು ಬಿದ್ದಿತ್ತು. ಅದನ್ನು ಅಕ್ಕ ಬೇಕೆಂದೇ ಇಟ್ಟ ಉಡುಗೊರೆ ಎಂದು ಅವನು ತಿಳಿದಿದ್ದ. 'ಯಾರಿಗೂ ಊಹಿಸಲಾಗದ ಇಂಥ ಸಾಲು ಕೊಟ್ಟಿದ್ದಕ್ಕೆ ಧನ್ಯವಾದ. ನನ್ನ ಪಾಸ್‌ವರ್ಡ್ ಮಾಡಿಕೊಂಡಿದ್ದೇನೆ' ಎಂದು ಬರೆದಿದ್ದ.

ಅಕ್ಕ ಗಾಬರಿಯಿಂದ ನಿಜಸಂಗತಿ ತಿಳಿಸಿ, ಮೊದಲು ಪಾಸ್‌ವರ್ಡ್ ಬದಲಾಯಿಸಪ್ಪಾ ಎಂದು ಉತ್ತರಿಸಿದರು. ಅತ್ತೆಯ ಚಿಂತೆಯೇ ಬೇರೆ. "ರೆಡಿ ಇದೆ ಅಂತ ಬರೆದು ಕೊಟ್ಟಿದ್ದೀಯ. ಅವನು ಅಲ್ಲಿಂದ ಪ್ಯಾಂಟ್ ಕೇಳ್ಕೊಂಡು ಬಂದ್ರೆ ಏನಮ್ಮಾ ಮಾಡೋದು? ಅಳತೆನಾದ್ರೂ ತರಿಸ್ಕೋ."

ಸಾಮಾನ್ಯ ಸಭೆಯ ದಿನ ಬಂತು. ಸಭಾಂಗಣದಲ್ಲಿ ಹಿಂದೆಂದೂ ಕಾಣದ ಹಾಜರಿ. ಕಾರಣವಿಲ್ಲದೆ ಬಂದವರೇ ಹೆಚ್ಚು, ಅದರಲ್ಲಿ ನಾನೂ ಒಬ್ಬ. ಎಲ್ಲರ ಕಣ್ಣೂ ಗೋಡೆಯ ಮೇಲೆ. ಅಕ್ಕ ಕುಳ್ಳ ಕೀಬೋರ್ಡನ್ನು ಮಡಿಲ ಹತ್ತಿರ ಎಳೆದುಕೊಂಡು ಕೂತಿದ್ದರು. ಅವರ ಕಿವಿಯ ತುದಿ ಕೆಂಪಾಗಿದ್ದದ್ದು ನನಗೆ ಕಾಣುತ್ತಿತ್ತು.

ಮೊದಲನೇ ವಿಷಯ. ಕಿರುಬೆರಳು. 'ಸಭೆಯು ಸರ್ವಾನುಮತದಿಂದ ಅಂಗೀಕರಿಸಿತು.' ಸಭೆಯಲ್ಲಿ ನಿರಾಸೆಯ ನಿಟ್ಟುಸಿರು. ಎರಡನೆಯದು, ಮೂರನೆಯದು, ಎಲ್ಲವೂ ಅಷ್ಟೇ ಚೊಕ್ಕ. ಸದಸ್ಯರು ತಪ್ಪಿಗಾಗಿ ಗೋಡೆ ಕಾಯುತ್ತಾ ಕೂತಿದ್ದರಿಂದ ವಾದ ಮಾಡುವುದನ್ನೇ ಮರೆತರು. ಎರಡು ವರ್ಷದಿಂದ ಜಗಳಕ್ಕೆ ಬಿದ್ದಿದ್ದ ಮೀಟರಿನ ವಿಷಯ ಒಂದೇ ನಿಮಿಷದಲ್ಲಿ ಪಾಸಾಯಿತು. ಹದಿನಾಲ್ಕು ವಿಷಯಗಳಲ್ಲಿ ಹದಿಮೂರು ಮುಗಿದಾಗ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಪಾಪ, ಮೂರು ವಾರದಿಂದ ಅವರ ತಲೆಯಲ್ಲೂ ಅದೇ ತುಂಬಿತ್ತೋ ಏನೋ.

"ಸರಿ, ಈಗ ಕೊನೇ ಪ್ಯಾಂಟ್ ತಗೊಳ್ಳೋಣ," ಎಂದರು, ಪಾಯಿಂಟ್ ಎನ್ನಲು ಹೋಗಿ.

ಅಕ್ಕ ಬೆರಳುಗಳನ್ನು ಕೀಗಳ ಮೇಲೆ ಎತ್ತಿ ಹಿಡಿದು, ಅತಿ ವಿನಯದಿಂದ ಕೇಳಿದರು: "ಸರ್, ಹೇಳಿದ್ದನ್ನ ಹೇಳಿದ ಹಾಗೇ ಬರೀಲಾ?"

ಮೊದಲು ನಕ್ಕವರು ಮುಖ್ಯ ಎಂಜಿನಿಯರ್. ಆಮೇಲೆ ಅಧ್ಯಕ್ಷರೂ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ನಕ್ಕರು. ಆಟದ ಸಾಮಾನನ್ನು ಮನೆಯಲ್ಲಿಡುವ ಮಾತು ಮತ್ತೆ ಬರಲಿಲ್ಲ.

ಬದಲಿಗೆ, ಒಬ್ಬೊಬ್ಬರಾಗಿ ಅಕ್ಕನ ಮೇಜಿನ ಹತ್ತಿರ ಬಂದು ಮಣಿಕಟ್ಟು ತೋರಿಸತೊಡಗಿದರು. ಮುಖ್ಯ ಎಂಜಿನಿಯರಿಗೆ ಹೆಬ್ಬೆರಳು ನೋವು, ಲೆಕ್ಕದ ವಿಭಾಗದಾಕೆಗೆ ಭುಜ, ನನಗೆ ಸುಮ್ಮನೆ ಆಸೆ. ಅಕ್ಕ ಒಂದು ವರ್ಷದಲ್ಲಿ ನಮ್ಮಲ್ಲಿ ಐದು ಜನಕ್ಕೆ ಐದು ಕೀಬೋರ್ಡು ಕಟ್ಟಿಕೊಟ್ಟರು. ಒಂದರ ಗಾತ್ರ ಇನ್ನೊಂದಕ್ಕಿಲ್ಲ. ಆದರೆ ಎಲ್ಲದರ ಹೊಟ್ಟೆಯಲ್ಲೂ ಅದೇ ಮೂವತ್ತಾರು. ಅವರು ಕಡತದಲ್ಲಿ ಏನಾದರೂ ಸುಧಾರಿಸಿದಾಗ ಶುಕ್ರವಾರ ಸಂಜೆ ನಾವು ಕೀಬೋರ್ಡು ಹಿಡಿದು ಅವರ ಮೇಜಿನ ಮುಂದೆ ಸಾಲು ನಿಲ್ಲುತ್ತಿದ್ದೆವು, ಅವರು ಒಂದೊಂದಕ್ಕೂ ಹೊಸದನ್ನು ತುಂಬಿ ಕಳಿಸುತ್ತಿದ್ದರು.

ಹಂಚಿಕೊಂಡದ್ದರಲ್ಲಿ ಸುಖದಷ್ಟೇ ಅಪಾಯವೂ ಇದೆ ಎಂಬುದು ನಮಗೆ ತಿಳಿದದ್ದು ಒಂದು ಸೋಮವಾರ. ಹಿಂದಿನ ಶುಕ್ರವಾರ ಅಕ್ಕ ವಿರಾಮಚಿಹ್ನೆಗಳ ಕೀಯನ್ನು ಇನ್ನಷ್ಟು ಜಾಣವಾಗಿಸಲು ಹೋಗಿ, ಪೂರ್ಣವಿರಾಮ ಬರಬೇಕಾದಲ್ಲಿ ಪ್ರಶ್ನಾರ್ಥಕ ಬರುವಂತೆ ಮಾಡಿದ್ದರು. ಮೊದಲಾಗಿದ್ದರೆ ಒಂದು ಕೀಬೋರ್ಡಿಗೆ ಮುಗಿಯುತ್ತಿತ್ತು. ಈಗ ಅದು ಅಕ್ಕನದೂ ಸೇರಿ ಎಲ್ಲದಕ್ಕೂ ಇಳಿದಿತ್ತು. ಅಂದು ಅಕ್ಕ ರಜೆ ಬೇರೆ ಹಾಕಿದ್ದರು. ಪರದೆ ನೋಡಿದ ಇಬ್ಬರಿಗೆ ತಪ್ಪು ಕಂಡಿತು, ಆದರೆ ತಮ್ಮದೇ ಬೆರಳಿನ ದಡ್ಡತನ ಎಂದು ನಾಚಿ ಸುಮ್ಮನಾದರು. ನಾನಂತೂ ಇನ್ನೂ ಕಲಿಯುತ್ತಿದ್ದವನು, ಪರದೆ ಬಿಟ್ಟು ಬೆರಳನ್ನೇ ನೋಡುತ್ತಿದ್ದೆ. ಹಾಗೆ ನೋಡಿಕೊಂಡೇ ಸಾರ್ವಜನಿಕ ಪ್ರಕಟಣೆಯೊಂದನ್ನು ಟೈಪ್ ಮಾಡಿ, ಪ್ರತಿ ತೆಗೆದು, ಎಲ್ಲ ಬಡಾವಣೆಗಳ ಫಲಕಗಳಿಗೂ ಕಳಿಸಿದೆ. ಅದು ಹೀಗಿತ್ತು:

'ನಾಳೆ ಬೆಳಿಗ್ಗೆ ಆರು ಗಂಟೆಗೆ ನೀರು ಬಿಡಲಾಗುವುದು? ಎಂದಿನಂತೆ ಎರಡು ಗಂಟೆ ಕಾಲ ಬರುತ್ತದೆ? ಸಾರ್ವಜನಿಕರು ಸಹಕರಿಸಬೇಕು?'

ಮರುದಿನ ಅಕ್ಕ ಬಂದು ಫಲಕ ನೋಡಿ ಎದೆ ಹಿಡಿದುಕೊಂಡರು. ಒಂದೇ ಕಡತದಲ್ಲಿ ಒಂದೇ ಸಾಲು ತಿದ್ದಿ, ಊಟದ ಹೊತ್ತಿಗೆ ಎಲ್ಲ ಕೀಬೋರ್ಡುಗಳನ್ನೂ ಸರಿಮಾಡಿದರು. ಪ್ರತಿಯೊಬ್ಬರ ಮೇಜಿಗೂ ಹೋಗಿ, "ನಿಮ್ಮ ಬೆರಳು ಸರಿಯಾಗೇ ಇದೆ, ತಪ್ಪು ನನ್ನದು," ಎಂದು ಹೇಳಿಬಂದರು.

ಅಷ್ಟರಲ್ಲಿ ದೂರವಾಣಿ ಗಂಟೆ ಬಾರಿಸಿತು. ನಾನೇ ಎತ್ತಿಕೊಂಡೆ, ಬೈಗುಳ ಕೇಳಲು ಸಿದ್ಧನಾಗಿ. ಆ ಕಡೆ ಯಾರೋ ಹಿರಿಯರ ದನಿ.

"ನೀರಿನ ಕಚೇರಿನಾ? ನಲವತ್ತು ವರ್ಷದಿಂದ ನಿಮ್ಮ ಪ್ರಕಟಣೆ ಓದ್ತಾ ಇದ್ದೀನಿ ಕಣಪ್ಪಾ. ಇದೇ ಮೊದಲ್ನೇ ಸಲ ನಿಜ ಬರೆದಿದ್ದೀರಿ."